ನೆರಳ ಸಾಹೇಬ

ಕಾಲುವೆ ಆಫೀಸಿನಲ್ಲಿ ಅವರಿಗೆ 'ನೆರಳ ಸಾಹೇಬ' ಎಂದು ಹೆಸರಿಟ್ಟವನು ನಮ್ಮ ಹೆಡ್ ಕ್ಲರ್ಕು. ಇಡೀ ದಿನ ಫ್ಯಾನಿನ ಕೆಳಗೆ ಕುಳಿತು, ಮಣ್ಣಿನ ಹೂಜಿಯ ನೀರು ಕುಡಿದು, ಸಂಜೆಯಾದರೆ ದಣಿವಾಯಿತು ಎಂದು ಮನೆಗೆ ಹೋಗುತ್ತಿದ್ದ ಮನುಷ್ಯ ಬಿಸಿಲಲ್ಲಿ ದುಡಿಯುವವನಿಗೆ ಇಟ್ಟ ಹೆಸರು ಅದು. ಹೆಸರು ಅಂಟಿಕೊಂಡಿತು. ಶಹಾಪುರದ ನಮ್ಮ ಕ್ಯಾಂಪಿನಲ್ಲಿ ಜೀಪಿನ ಡ್ರೈವರಿನಿಂದ ಹಿಡಿದು ಚಹದಂಗಡಿಯವನ ತನಕ ಎಲ್ಲರೂ ಹಾಗೆಯೇ ಕರೆದರು. ಮೊನ್ನೆ ಅವರು ತೀರಿಕೊಂಡ ಸುದ್ದಿ ತಂದವನೂ "ನೆರಳ ಸಾಹೇಬ್ರು ಹೋಗಿಬಿಟ್ರಂತ್ರಿ" ಎಂದೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಸತ್ತ ಮೇಲಾದರೂ ಮನುಷ್ಯನ ಹೆಸರು ಅವನಿಗೆ ಕೊಡಬಾರದೆ? ಆದರೆ ಈಗ ಬರೆಯಲು ಕುಳಿತ ನಾನೂ ಅದನ್ನೇ ಮೇಲೆ ಬರೆದಿದ್ದೇನೆ. ಅಪ್ಪ ಅಮ್ಮ ಇಟ್ಟ ಹೆಸರು ಬರೆದರೆ ಈ ಕಡೆ ಯಾರಿಗೂ ಗುರುತು ಹತ್ತುವುದಿಲ್ಲ.

ಕೃಷ್ಣೆಯ ನೀರು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಕಾಲುವೆ ತೋಡುವುದು, ಅದರ ಮೈಗೆ ಕಾಂಕ್ರೀಟು ಹಾಕುವುದು ನಡೆದಿತ್ತು. ನಾನು ಆಫೀಸಿನ ಒಳಗೆ ಕುಳಿತು ನಕ್ಷೆ ತಿದ್ದುವವನು. ಅವರು ವರ್ಕ್ ಇನ್ಸ್‌ಪೆಕ್ಟರು, ಅಂದರೆ ಕಾಲುವೆಯ ಉದ್ದಕ್ಕೂ ನಡೆದು, ಕಾಂಕ್ರೀಟು ಸರಿಯಾಗಿ ಬಿತ್ತೇ ಇಲ್ಲವೇ ಎಂದು ನಿಂತು ನೋಡುವ ಕೆಲಸ. ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರದೂ ಒಂದೇ ಗೋಡೆ. ಆಚೆ ಕಡೆ ಅವರು, ಅವರ ಅವ್ವ, ನಾನು ವೈನಿ ಎಂದು ಕರೆಯುತ್ತಿದ್ದ ಅವರ ಹೆಂಡತಿ. ಅವರ ಊರು ಸುರಪುರದ ಆಚೆ, ಕುರಿ ಸಾಕುವ ಮನೆತನ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನಾನು ಅವರಿಗೆ ಅಣ್ಣಾರ ಎನ್ನುತ್ತಿದ್ದೆ, ಅವರು ನನಗೆ ತಮ್ಮಾ ಎನ್ನುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ನಕ್ಷೆ ಸಾಹೇಬ.

ಅವರ ಬೇನೆ ಇಷ್ಟೇ. ಮೈ ಕಾದರೆ ಗಾದರಿ, ಅಂದರೆ ಪಿತ್ತದ ದದ್ದು, ಏಳುತ್ತಿದ್ದವು. ಬಿಸಿಲಿಗೆ ಕಾದರೂ ಅಷ್ಟೇ, ಬಿರಬಿರನೆ ನಡೆದು ಕಾದರೂ ಅಷ್ಟೇ, ಖಾರದ ಸಾರು ಉಂಡರೂ, ಸಿಟ್ಟಿಗೆದ್ದರೂ ಅಷ್ಟೇ. ಮೊದಲು ಕತ್ತಿನ ಹತ್ತಿರ ಜೋಳದ ಕಾಳಿನಷ್ಟು ಸಣ್ಣ ಸಣ್ಣವು, ಸುತ್ತ ಕೆಂಪು. ಆಮೇಲೆ ಎದೆ, ತೋಳು, ಬೆನ್ನು. ನೋಡನೋಡುತ್ತ ಒಂದಕ್ಕೊಂದು ಕೂಡಿ ಬೆನ್ನೆಲ್ಲ ಕೆಂಪಾಗುತ್ತಿತ್ತು. ಕಡಿತ ಅಂದರೆ ಬರೀ ಕಡಿತವಲ್ಲ, ಮೈಗೆಲ್ಲ ಜಾಲಿಮುಳ್ಳು ಆಡಿಸಿದ ಹಾಗೆ ಎನ್ನುತ್ತಿದ್ದರು. ನೆರಳಲ್ಲಿ ಒದ್ದೆ ಟವೆಲು ಹೊದ್ದು ಕುಳಿತರೆ ಅರ್ಧ ತಾಸಿಗೋ ತಾಸಿಗೋ ಎಲ್ಲ ಅಡಗಿ ಮೈ ಮೊದಲಿನಂತಾಗುತ್ತಿತ್ತು. ಒಂದು ಕಲೆ ಕೂಡ ಉಳಿಯುತ್ತಿರಲಿಲ್ಲ. ಅವರನ್ನು ಹಾಳು ಮಾಡಿದ್ದು ಗಾದರಿಯಲ್ಲ, ಈ ಕಲೆ ಉಳಿಯದ ಗುಣ. ಕೈ ಮುರಿದವನಿಗೆ ಪಟ್ಟಿ ಇರುತ್ತದೆ, ಕುಂಟನಿಗೆ ಕೋಲಿರುತ್ತದೆ. ಇವರು ಕಾಲುವೆಯ ಮೇಲೆ ನರಳಿ ಆಫೀಸಿಗೆ ಬಂದು ಹೇಳುವಷ್ಟರಲ್ಲಿ ಮೈ ನುಣ್ಣಗಾಗಿರುತ್ತಿತ್ತು.

"ಎಲ್ಲ್ಯಾವೋ ನಿನ್ನ ಗಾದರಿ? ತೋರಸು" ಎಂದು ಹೆಡ್ ಕ್ಲರ್ಕು ಕೇಳುತ್ತಿದ್ದ. ತೋರಿಸಲು ಏನಿರುತ್ತಿತ್ತು!

ಹೀಗಾಗಿ ಅವರ ಲೆಕ್ಕವೆಲ್ಲ ನೆರಳಿನ ಲೆಕ್ಕ. ಕಾಲುವೆಯ ದಂಡೆಯ ಮೇಲೆ ಎಲ್ಲಿ ಬೇವಿದೆ, ಯಾವ ಸೇತುವೆಯ ನೆರಳು ಯಾವ ಹೊತ್ತಿಗೆ ಯಾವ ಕಡೆ ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಒಂದು ನೆರಳಿನಿಂದ ಇನ್ನೊಂದಕ್ಕೆ ಛತ್ರಿ ಹಿಡಿದು, ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಅವಸರ ಮಾಡದೆ ನಡೆಯುತ್ತಿದ್ದರು. ಅವಸರ ಮಾಡಿದರೆ ಮೈ ಕಾಯುತ್ತದೆ. ಈ ನಡಿಗೆ ನೋಡಿದ ಗುತ್ತಿಗೆದಾರನ ಮಂದಿ "ಮದುಮಗ ಬಂದ್ರೋ" ಎಂದು ನಗುತ್ತಿದ್ದರು.

ನಾನೇನೂ ಅವರನ್ನು ದೇವರು ಮಾಡಲು ಹೊರಟಿಲ್ಲ. ಒಳ್ಳೆಯ ಮಾತಿಗೆ ಅವರ ಬಾಯಿ ಸುಲಭವಾಗಿ ತೆರೆಯುತ್ತಿರಲಿಲ್ಲ. ಯಾರು ಎಲ್ಲಿ ನಕ್ಕರೂ ತಮ್ಮನ್ನೇ ನೋಡಿ ನಕ್ಕರು ಎಂಬ ಗುಮಾನಿ. ಒಮ್ಮೆ ನಾನು ಬಾಯಿ ತಪ್ಪಿ, ಹುಣಸೆಹಣ್ಣಿನ ನೀರು ಕುಡಿದರೆ ಪಿತ್ತ ಇಳಿಯುತ್ತದಂತೆ ಎಂದೆ. "ಹುಣಸಿ ನೀರಿಗೆ ಹೋಗೂದಿದ್ರ ನಾ ಹುಣಸಿ ಗಿಡದಾಗೇ ಜೋತಾಡ್ತಿದ್ದೆಲ್ಲೋ ನಕ್ಷೆ ಸಾಹೇಬ" ಎಂದವರು ಆ ಮಳೆಗಾಲ ಪೂರ್ತಿ ನನ್ನ ಜೊತೆ ಮಾತು ಬಿಟ್ಟರು. ಅವರ ಸಿಟ್ಟಿಗೂ ಕಾರಣವಿತ್ತು ಅನ್ನಿ. ಊರಲ್ಲಿ ಪ್ರತಿಯೊಬ್ಬನೂ ವೈದ್ಯ. ಬೇವು ಅರೆದು ಕುಡಿ ಎಂದವರಿದ್ದರು, ದೇವರಿಗೆ ಹರಕೆ ಹೊರು ಎಂದವರಿದ್ದರು. ಯಾರೋ ಹೇಳಿದರೆಂದು ಒಂದು ದಿನ ಕತ್ತಿಗೂ ತೋಳಿಗೂ ಜಾಜು, ಅದೇ ಗೋಡೆಗೆ ಬಳಿಯುವ ಕೆಮ್ಮಣ್ಣು, ಬಳಿದುಕೊಂಡು ಆಫೀಸಿಗೆ ಬಂದರು. ಹೆಡ್ ಕ್ಲರ್ಕು ಎದ್ದು ನಿಂತು, "ಬರ್ರಿ ಸ್ವಾಮಿಗಳ, ಪಾದಪೂಜೆ ಮಾಡ್ತೀವಿ" ಎಂದು ಕೈಮುಗಿದ. ಇಡೀ ಆಫೀಸು ನಕ್ಕಿತು. ಅವರು ಏನೂ ಅನ್ನದೆ ಹೊರಗೆ ಹೋಗಿ ಕೊಳಾಯಿಯಲ್ಲಿ ಜಾಜು ತೊಳೆದುಕೊಂಡರು.

ಏನೂ ಅನ್ನಲಿಲ್ಲ ಎಂದರೆ ಅವರಿಗೆ ಅನ್ನಲು ಬರುತ್ತಿರಲಿಲ್ಲ ಎಂದಲ್ಲ. ಜಗಳಕ್ಕೂ ಮೈ ಕಾಯುತ್ತದಲ್ಲ. ಅದಕ್ಕೆ ಅವರೊಂದು ಪದ್ಧತಿ ಮಾಡಿಕೊಂಡಿದ್ದರು. ಜಗಳ ಏರುತ್ತ ಏರುತ್ತ ಕತ್ತಿನಲ್ಲಿ ಮುಳ್ಳು ಆಡಲು ಶುರುವಾದ ಕೂಡಲೇ ಅಂಗೈ ಮುಂದೆ ಚಾಚಿ, "ಇಲ್ಲಿಗಿ ಬಿಡು. ತಂಪೊತ್ತಿಗೆ ಜಗಳಾಡೂಣು" ಎಂದು ಹೊರಟುಬಿಡುತ್ತಿದ್ದರು. ಎದುರಿಗಿದ್ದವನು ಗೆದ್ದೆ ಎಂದು ಮೀಸೆ ತಿರುವಿಕೊಂಡು ಮನೆಗೆ ಹೋದರೆ, ಹೊತ್ತು ಮುಳುಗಿ ಗಾಳಿ ತಣ್ಣಗಾದ ಮೇಲೆ ಇವರು ಅವನ ಬಾಗಿಲಲ್ಲಿ ಪ್ರತ್ಯಕ್ಷ. ಜೀಪಿನ ಡ್ರೈವರನಿಗೆ ಹೀಗೇ ಆಯಿತು. ಮಧ್ಯಾಹ್ನ ಮುಂದಿನ ಸೀಟಿನ ಸಲುವಾಗಿ ಜಗಳವಾಗಿತ್ತು. ರಾತ್ರಿ ಅವನು ಉಣ್ಣಲು ಕುಳಿತಿದ್ದಾನೆ, ಇವರು ಹೊಸ್ತಿಲ ಹೊರಗೆ ನಿಂತು, "ಮಧ್ಯಾಹ್ನ ನೀ ಏನಂದಿ? 'ನಿಮ್ಮಪ್ಪನ ಜೀಪೇನು' ಅಂದಿ. ಹಂ, ಈಗ ಹೇಳ್ತೀನಿ ಕೇಳು" ಎಂದು ಬಿಟ್ಟ ಮಾತಿನಿಂದಲೇ ಶುರು ಮಾಡಿದರು. ಅವನು ಜಗಳವನ್ನೇ ಮರೆತಿದ್ದ. "ಒಳಗ ಬರ್ರಿ, ಎರಡು ತುತ್ತು ಉಣ್ರಿ" ಎಂದ. "ಮೊದಲ ಇದು ಮುಗೀಲಿ" ಎಂದು, ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಆಮೇಲೆ ಒಳಗೆ ಹೋಗಿ ಕಟಕ ರೊಟ್ಟಿ ಮೊಸರು ಉಂಡು ಬಂದರು. ಬಿಸಿ ರೊಟ್ಟಿ ಅವರು ಮುಟ್ಟುತ್ತಿರಲಿಲ್ಲ.

ಇನ್ನು ಕಂಬಳಿಯ ಮಾತು ಹೇಳಬೇಕು. ನಮ್ಮ ಕಡೆ ಪಿತ್ತದ ಗಾದರಿ ಎದ್ದರೆ ಕರೀ ಕಂಬಳಿ ಹೊದಿಸಿ ಮಲಗಿಸುವುದು ಹಿಂದಿನಿಂದ ನಡೆದು ಬಂದದ್ದು. ಕಂಬಳಿಗೆ ಪಿತ್ತ ಅಂಜುತ್ತದೆ ಎನ್ನುತ್ತಾರೆ. ಅವರ ಅವ್ವನಿಗಂತೂ ಕಂಬಳಿಯ ಮೇಲೆ ಇದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ತಮ್ಮ ಕುರಿಯ ಉಣ್ಣೆಯದೇ ಕಂಬಳಿ, ಮುಟ್ಟಿದರೆ ಚುಚ್ಚುವಂಥದು. ಬೆಳಗಿನ ಜಾವ ಮಗನನ್ನು ಒಲೆಯ ಹತ್ತಿರ ಕೂರಿಸಿ, ತಲೆಯಿಂದ ಕಾಲಿನ ತನಕ ಅದರಲ್ಲಿ ಸುತ್ತಿ, ಮೇಲಿಂದ ಉಜ್ಜುತ್ತಿದ್ದಳು. ಗೋಡೆಯ ಈ ಕಡೆ ನನಗೆ ಅವರ ನರಳಾಟ ಕೇಳುತ್ತಿತ್ತು. ಒಳಗೆ ಬೆವರಿ, ಮೈಯೆಲ್ಲ ಗಾದರಿ ಎದ್ದು, ಹೆಚ್ಚು ಕಡಿಮೆ ಒಂದು ತಾಸು ಆ ಹಿಂಸೆ. ಆದರೆ ಆಶ್ಚರ್ಯವೆಂದರೆ ಅದು ಇಳಿದ ಮೇಲೆ ಹೊತ್ತು ಮುಳುಗುವ ತನಕ ಬಹುತೇಕ ಏನೂ ಏಳುತ್ತಿರಲಿಲ್ಲ. "ಇವತ್ತಿನ ಪಾಲು ಮುಗೀತು" ಎನ್ನುತ್ತಿದ್ದರು. ಅದು ದಿನಾ ಮಾಡುವಂಥ ಸುಖವಲ್ಲ. ದೊಡ್ಡ ಸಾಹೇಬರು ಕಾಲುವೆ ನೋಡಲು ಬರುವ ದಿನ, ದೂರದ ಪ್ರಯಾಣವಿದ್ದ ದಿನ ಮಾತ್ರ ಕಂಬಳಿ.

ಆ ವರ್ಷ ಸ್ಟೋರ್ ಕೀಪರು ರಿಟೈರ್ ಆದರು. ಸ್ಟೋರು ಅಂದರೆ ದಪ್ಪ ಕಲ್ಲುಗೋಡೆಯ ಹಳೆಯ ಕಟ್ಟಡ, ಮೇ ತಿಂಗಳಲ್ಲೂ ಒಳಗೆ ತಂಪು. ಸಿಮೆಂಟು ಚೀಲ, ಸಲಿಕೆ, ಬುಟ್ಟಿ ಎಣಿಸಿ ಕೊಡುವ ಕೆಲಸ. ಅದೊಂದು ಸಿಕ್ಕರೆ ತಮ್ಮ ಬದುಕು ದಡ ಸೇರುತ್ತದೆ ಎಂದು ಅವರಿಗೆ ಅನ್ನಿಸಿತು. ಮೊದಲ ಬಾರಿಗೆ ಅವರು ಯಾರನ್ನೋ ಏನನ್ನೋ ಬೇಡಿದ್ದು ನಾನು ನೋಡಿದೆ. ನಮ್ಮ ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. "ಮೆಡಿಕಲ್ ಬೋರ್ಡಿನಿಂದ ಸರ್ಟಿಫಿಕೇಟು ತಗೊಂಡು ಬನ್ನಿ, ಕೊಟ್ಟುಬಿಡೋಣ" ಎಂದರು. ಆ ಜಾಗಕ್ಕೆ ತನ್ನ ಹೆಂಡತಿಯ ತಮ್ಮನನ್ನು ತರಬೇಕೆಂದು ಹೆಡ್ ಕ್ಲರ್ಕು ಆಗಲೇ ಓಡಾಡುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು.

ಬೋರ್ಡು ಕೂಡುವುದು ದೂರದ ಊರಿನ ದೊಡ್ಡ ದವಾಖಾನೆಯಲ್ಲಿ. ಜೊತೆಗೆ ನಾನು ಹೊರಟೆ. ಬೆಳಗಿನ ಜಾವ ಕರೆಯಲು ಹೋದರೆ ಅವರು ಒಲೆಯ ಮುಂದೆ ಕಂಬಳಿಯೊಳಗೆ ಕುಳಿತಿದ್ದಾರೆ! ಮುದುಕಿ ಬೆವರಿಳಿಸಿಕೊಂಡು ಉಜ್ಜುತ್ತಿದ್ದಾಳೆ.

"ಆಯಿ, ಇವತ್ತ ಯಾಕ ಇದು?" ಎಂದೆ.

"ಯಾಕಂದ್ರ? ದೊಡ್ಡ ಡಾಕ್ಟರ ಮುಂದ ಮೈ ಕೆರಕೊಂತ ನಿಂದ್ರಬೇಕೇನು ನನ್ನ ಮಗ? ಬಸ್ಸಿನಾಗ ಮಂದಿ ನೋಡಿ ಕುಷ್ಠರೋಗಿ ಅಂತ ಎಬ್ಬಿಸಿ ಕಳಸ್ತಾರ. ಒಮ್ಮಿ ಕಳಸ್ಯಾರ" ಎಂದಳು.

ಅದು ನಿಜ. ಹಿಂದೊಮ್ಮೆ ಯಾದಗಿರಿಯ ಬಸ್ಸಿನಲ್ಲಿ ಸೆಖೆಗೆ ಮುಖವೆಲ್ಲ ಎದ್ದು, ಪಕ್ಕದವರು ಗಲಾಟೆ ಮಾಡಿ, ಅವರನ್ನು ನಡುದಾರಿಯಲ್ಲಿ ಇಳಿಸಿದ್ದರು. ಆ ಅವಮಾನವನ್ನು ಅವರೂ ಮರೆತಿರಲಿಲ್ಲ. ಕಂಬಳಿಯೊಳಗಿನಿಂದ, "ಇರಲಿ ಬಿಡೋ ತಮ್ಮಾ. ದೊಡ್ಡ ದವಾಖಾನಿ ಅಂದ್ರ ರಕ್ತ ನೋಡೇ ಹೇಳ್ತಾರ. ಅಲ್ಲೆಲ್ಲಾ ಮಶೀನ್ ಇರ್ತಾವ" ಎಂದರು. ನನಗೂ ಸರಿ ಎನ್ನಿಸಿತು. ನಮಗೆಲ್ಲ ದೊಡ್ಡ ದವಾಖಾನೆ ಅಂದರೆ ಹಾಗೇ ಒಂದು ಭ್ರಮೆ.

ರಕ್ತವನ್ನು ಯಾರೂ ನೋಡಲಿಲ್ಲ, ಮಶೀನೂ ಇರಲಿಲ್ಲ. ಮೂವರು ಡಾಕ್ಟರು ಒಂದು ಉದ್ದ ಮೇಜಿನ ಹಿಂದೆ ಕುಳಿತಿದ್ದರು. ಅಂಗಿ ಬಿಚ್ಚಿಸಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಏನೂ ಇಲ್ಲವಲ್ಲ."

"ಬಿಸಲಿಗಿ ಏಳತಾವ್ರಿ ಸಾಹೇಬ್ರ. ಮೈ ಕಾದ್ರ ಬರ್ತಾವ, ತಣ್ಣಗಾದ್ರ ಹೋಗ್ತಾವ."

"ಹೌದೇ? ಹಾಗಾದರೆ ಹೊರಗೆ ಬಿಸಿಲಿದೆ. ಓಡಿ ಬಾ, ನೋಡೋಣ."

ಅವರ ಮುಖ ಅರಳಿತು. ಇಷ್ಟು ಸುಲಭವೇ ಎಂಬ ಹಾಗೆ ನನ್ನನ್ನು ನೋಡಿದರು. ಮಧ್ಯಾಹ್ನದ ಹೊತ್ತು, ನೆಲ ಕಾದ ಹಂಚಾಗಿತ್ತು. ದವಾಖಾನೆಯ ಅಂಗಳದಲ್ಲಿ ದೊಡ್ಡ ದೊಡ್ಡ ಬೇವಿನ ಮರಗಳಿದ್ದವು. ಜೀವಮಾನವೆಲ್ಲ ನೆರಳು ಹುಡುಕಿ ನಡೆದ ಮನುಷ್ಯ ಅವತ್ತು ನೆರಳು ತಪ್ಪಿಸಿ ತಪ್ಪಿಸಿ, ಬಿಸಿಲು ಇದ್ದಲ್ಲೇ ಓಡಿದರು. ಬನಿಯನ್ನು, ಪ್ಯಾಂಟು, ಬರಿಗಾಲು. ವರಾಂಡದಲ್ಲಿ ಕುಳಿತ ರೋಗಿಗಳು ಎದ್ದು ನಿಂತು ನೋಡಿದರು. ಒಬ್ಬ ಹೆಂಗಸು, "ಪಾಪ, ತಲಿ ಕೆಟ್ಟದೇನೋ" ಎಂದಳು. ಓಡಿ, ಬೆವರು ಸುರಿಸುತ್ತ, ಏದುಸಿರು ಬಿಡುತ್ತ ಮೇಜಿನ ಮುಂದೆ ಬಂದು ನಿಂತು ತೋಳು ಚಾಚಿದರು.

ತೋಳಿನ ಮೇಲೆ ಬೆವರು ಬಿಟ್ಟರೆ ಏನೂ ಇರಲಿಲ್ಲ.

ಅವರು ತಮ್ಮ ತೋಳನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಎದೆ ನೋಡಿಕೊಂಡರು. "ತಮ್ಮಾ, ಬೆನ್ನ ಮ್ಯಾಲ ನೋಡು, ಬೆನ್ನ ಮ್ಯಾಲ ಎದ್ದಿರ್ತಾವ" ಎಂದರು. ನಾನು ನೋಡಿದೆ. ಇರಲಿಲ್ಲ. ಉಗುರಿನಿಂದ ಪರಪರ ಕೆರೆದುಕೊಳ್ಳತೊಡಗಿದರು. ಡಾಕ್ಟರೊಬ್ಬರು, "ಕೆರೆದರೆ ನನಗೂ ಕೆಂಪಾಗುತ್ತದೆಯಪ್ಪ" ಎಂದು ನಕ್ಕರು.

"ಇನ್ನೊಮ್ಮಿ ಓಡ್ತೀನ್ರಿ" ಎಂದು ಕೈಮುಗಿದು, ಡಾಕ್ಟರು ಹೂಂ ಅನ್ನುವ ಮೊದಲೇ ಮತ್ತೆ ಹೊರಗೆ ಓಡಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರು ಎರಡನೆಯ ಸಲ ತಿರುಗಿ ಬರುವ ಹೊತ್ತಿಗೆ ಡಾಕ್ಟರುಗಳು ಊಟಕ್ಕೆ ಎದ್ದಾಗಿತ್ತು. ಎಲ್ಲ ಕೆಲಸಕ್ಕೂ ಯೋಗ್ಯ ಎಂದು ಬರೆದು ಹೋಗಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: "ಬ್ಯಾಡ ಬ್ಯಾಡಂದಾಗೆಲ್ಲ ಬಂದ್ವು. ಇವತ್ತ ಬರ್ರಿ ಅಂದ್ರ ಬರಲಿಲ್ಲ ನೋಡು."

ಮನೆಯ ಬಾಗಿಲಲ್ಲಿ ಅವ್ವ ಕಾಯುತ್ತಿದ್ದಳು. "ಎದ್ದುವೇನೋ?" ಎಂದಳು.

"ಇಲ್ಲವ್ವ."

"ಒಂದೂ ಏಳಲಿಲ್ಲ?"

"ಒಂದೂ ಏಳಲಿಲ್ಲ."

ಮುದುಕಿ ಎರಡೂ ಕೈಯಿಂದ ಮಗನ ಮುಖ ಸವರಿ ನೆಟಿಕೆ ಮುರಿದಳು. "ನೋಡು, ನಮ್ಮ ಕಂಬಳಿ ಕಾದ್ತು ನಿನ್ನ!" ಎಂದಳು. ಆಗ ನನಗೆ ಹೊಳೆಯಿತು: ಅವತ್ತಿನ ಪಾಲು ಬೆಳಗಿನ ಕಂಬಳಿಯಲ್ಲೇ ಮುಗಿದಿತ್ತು, ಬೋರ್ಡಿನ ಮುಂದೆ ಅದು ಇಬ್ಬರಿಗೂ ನೆನಪೇ ಆಗಿರಲಿಲ್ಲ. ಅವರಿಗೂ ಆಗಲೇ ಹೊಳೆಯಿತು, ಯಾಕೆಂದರೆ ತಟ್ಟನೆ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದರು. ಅವ್ವ ಸಾಯುವ ತನಕ ಅವರು ಆ ಮಾತು ಅವಳಿಗೆ ಹೇಳಲಿಲ್ಲ. ಇಂಥ ಬಾಯಿ ಹರಕ ಮನುಷ್ಯ ಅಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿ ಹೇಗೆ ಇಟ್ಟುಕೊಂಡರೋ ನನಗೆ ಗೊತ್ತಿಲ್ಲ.

ಇಂಜಿನಿಯರ್ ಸಾಹೇಬರಿಗೆ ನಾನೇ ಹೋಗಿ ಕಂಬಳಿಯ ವಿಷಯ ಹೇಳಿದೆ. ಅವರು ಕೇಳಿ, "ಇದನ್ನೆಲ್ಲ ಫೈಲಿನಲ್ಲಿ ಹೇಗೆ ಬರೆಯಲಿ?" ಎಂದರು. ಹೆಡ್ ಕ್ಲರ್ಕು ಬಾಗಿಲಲ್ಲಿ ನಿಂತು, "ಬೋರ್ಡಂದ್ರ ಬೋರ್ಡ್ರಿ ಸಾಹೇಬ್ರ" ಎಂದ. ಸ್ಟೋರಿಗೆ ಅವನ ಹೆಂಡತಿಯ ತಮ್ಮ ಬಂದ. ಅಂದಿನಿಂದ ಆಫೀಸಿನಲ್ಲಿ ಹೊಸ ಆಟ ಶುರುವಾಯಿತು. ಅವರು ಬಂದರೆ ಸಾಕು, ಯಾರಾದರೊಬ್ಬ ಕುಳಿತಲ್ಲೇ ಕಾಲು ಕುಣಿಸಿ ಓಡುವ ಹಾಗೆ ಮಾಡುತ್ತಿದ್ದ.

ಬಿಸಿಲು ಬೋರ್ಡಿನ ಮಾತು ಕೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬೇನೆ ಇನ್ನೂ ಏರಿತು. ಮೊದಲೆಲ್ಲ ಚರ್ಮದ ಮೇಲೇ ನಿಲ್ಲುತ್ತಿದ್ದದ್ದು ಒಳಗೆ ಇಳಿಯಿತು. ಕಾಂಕ್ರೀಟು ಹಾಕುವಲ್ಲಿ ಒಂದು ಮಧ್ಯಾಹ್ನ ಅವರ ತುಟಿ, ಕಣ್ಣು ಊದಿ, ಉಸಿರು ಸಿಕ್ಕಿಕೊಂಡು ಅಲ್ಲೇ ಬಿದ್ದರು. ಬುಟ್ಟಿ ಹೊರುವ ಹೆಂಗಸರು ಎತ್ತಿ ಲಾರಿಯ ನೆರಳಿಗೆ ಹಾಕಿ, ಸಿಮೆಂಟಿಗೆ ಇಟ್ಟ ನೀರನ್ನೇ ಕೊಡಗಟ್ಟಲೆ ಸುರಿದು ಉಳಿಸಿಕೊಂಡರು. ಕುಡಿದು ಬಿದ್ದಿದ್ದಾನೆ ಎಂದು ಆಫೀಸಿಗೆ ಸುದ್ದಿ ಹೋಯಿತು. ಆಫೀಸಿನಿಂದ ನಾವು ವಿಚಾರಿಸಲು ಹೋದಾಗ ಬುಟ್ಟಿ ಹೊರುವ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಜಗಳಕ್ಕೇ ನಿಂತಳು: "ಯಾವನ್ರೀ ಕುಡದಾರ ಅನ್ನಾಂವ? ಬಾಯಿಗಿ ಬಾಯಿ ಹಚ್ಚಿದಂಗ ಮೂಸಿ ನೋಡೀನಿ ನಾನು. ಮಜ್ಜಿಗಿ ವಾಸ್ನಿ ಬಿಟ್ರ ಏನೂ ಇದ್ದಿಲ್ಲ. ಮೈ ಹ್ಯಾಂಗ ಎದ್ದಿತ್ತು ಅಂತ ನಾವೆಲ್ಲಾ ನೋಡೇವಿ, ಬೇಕಾದ್ರ ಬರಕೋರ್ರಿ." ಯಾರೂ ಬರೆದುಕೊಳ್ಳಲಿಲ್ಲ. ಕೂಲಿ ಹೆಂಗಸರ ಮಾತಿಗೆ ಫೈಲಿನಲ್ಲಿ ಜಾಗ ಎಲ್ಲಿದೆ?

ಶಹಾಪುರದ ಡಾಕ್ಟರು ಗುಳಿಗೆ ಕೊಟ್ಟರು. ಅದು ಸ್ವಲ್ಪ ತಡೆಯಿತು, ಆದರೆ ನುಂಗಿದ ಗಳಿಗೆಗೆ ಕಣ್ಣು ಎಳೆಯುವಂಥ ನಿದ್ದೆ. ಸೇತುವೆಯ ಕೆಳಗೆ ಗೊರಕೆ ಹೊಡೆಯುತ್ತಿದ್ದಾಗ ಸಿಕ್ಕಿಬಿದ್ದರು. ಕೆಲಸದ ಹೊತ್ತಿನಲ್ಲಿ ಮಲಗಿದ್ದಕ್ಕೆ ನೋಟೀಸು ಬಂತು. "ಗುಳಿಗಿ ನುಂಗಿದ್ರ ಕಳ್ಳ, ನುಂಗಲಿಲ್ಲಂದ್ರ ಸುಳ್ಳ" ಎಂದು ಅವರು ತಮ್ಮನ್ನು ತಾವೇ ಆಡಿಕೊಂಡರು. ಎರಡನೆಯ ಸಲ, ಮೂರನೆಯ ಸಲ. ಕೊನೆಗೆ ತೆಗೆದುಹಾಕುವ ಮೊದಲೇ ಅವರೇ ಬಿಟ್ಟು ಬಂದರು. ಬಿಟ್ಟು ಬಂದ ವರ್ಷವೇ ಕಾಲುವೆಗೆ ನೀರು ಬಿಟ್ಟರು. ಮಂದಿ ಹೂವು ಕುಂಕುಮ ಹಾಕಿ ಕುಣಿಯುತ್ತಿದ್ದರೆ ಅವರು ಅಂಗಿ ಪ್ಯಾಂಟಿನ ಸಮೇತ ದಡದ ಹತ್ತಿರ ನೀರಲ್ಲಿ ಇಳಿದು ಎದೆ ಮಟ್ಟ ಕುಳಿತುಬಿಟ್ಟರು. ನಾನು ಕರೆದರೂ ಏಳಲಿಲ್ಲ. "ಇದೊಂದು ಮೊದಲೇ ಬಂದಿದ್ರ ನೌಕರಿ ಉಳೀತಿತ್ತಲ್ಲೋ" ಎಂದರು. ಆಮೇಲೆ ಸುತ್ತಲೆಲ್ಲ ಗದ್ದೆಯಾಯಿತು, ಜೋಳ ತಿನ್ನುವವರು ಅನ್ನ ತಿನ್ನತೊಡಗಿದರು. ಅವರು ಗಂಜ್‌ನ, ಅಂದರೆ ಕಾಳಿನ ಪೇಟೆಯ, ಒಂದು ಅಡತಿ ಅಂಗಡಿಯಲ್ಲಿ ಒಳಗೆ ಕುಳಿತು ಚೀಲ ಎಣಿಸುವ ಕೆಲಸಕ್ಕೆ ಸೇರಿದರು. ಸರಕಾರಿ ಸ್ಟೋರಿನಲ್ಲಿ ಮಾಡಬೇಕಾದ್ದನ್ನೇ ಸೇಟಜಿಯ ಬೈಗುಳ ತಿನ್ನುತ್ತ ಮಾಡಿದರು.

ಬಹಳ ವರ್ಷಗಳ ಮೇಲೆ ಯಾದಗಿರಿಗೆ ಒಬ್ಬ ಚರ್ಮದ ಡಾಕ್ಟರು ಬಂದರು. ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸು. ಆಗ ನಮ್ಮ ಅಣ್ಣಾರ ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನೇ ಎಳೆದುಕೊಂಡು ಹೋದೆ. ಆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇವತ್ತು ಬೆಳಿಗ್ಗೆ ಎದ್ದಿದ್ದವೇ?" ಎದ್ದಿದ್ದವು ಎಂದರು. "ಹಾಗಾದರೆ ಇವತ್ತು ನೋಡಿ ಪ್ರಯೋಜನವಿಲ್ಲ. ಒಮ್ಮೆ ಜೋರಾಗಿ ಎದ್ದು ಇಳಿದರೆ ಅದನ್ನು ಎಬ್ಬಿಸುವ ರಸ ಒಳಗೆ ಖಾಲಿಯಾಗಿರುತ್ತದೆ. ಮತ್ತೆ ತುಂಬಲು ಹೊತ್ತು ಬೇಕು, ಕೆಲವರಿಗೆ ಒಂದು ದಿನವೇ ಬೇಕು. ಅಲ್ಲಿಯ ತನಕ ಓಡಿದರೂ ಏಳುವುದಿಲ್ಲ" ಎಂದರು. ಇವರು ಕುರ್ಚಿಯ ಕೈ ಹಿಡಿದುಕೊಂಡು, "ಇನ್ನೊಮ್ಮಿ ಹೇಳ್ರಿ" ಎಂದರು. ಡಾಕ್ಟರು ಇನ್ನೊಮ್ಮೆ ಹೇಳಿದರು.

ಎರಡು ದಿನ ತಣ್ಣಗೆ ಮನೆಯಲ್ಲಿರಿಸಿ, ಮತ್ತೆ ಕರೆಸಿ, ಮೆಟ್ಟಿಲು ಹತ್ತಿ ಇಳಿಸಿ ನೋಡಿದರು. ಭರ್ತಿ ಎದ್ದವು. "ಜೋರೇ ಇದೆ. ನಿದ್ದೆ ಬಾರದ ಗುಳಿಗೆ ಈಗ ಇವೆ. ಕೆಲವರಿಗೆ ಒಂದರಲ್ಲಿ ಹಿಡಿತಕ್ಕೆ ಬರುತ್ತದೆ, ಕೆಲವರಿಗೆ ಏರಿಸುತ್ತ ಹೋಗಬೇಕು, ಕೆಲವರಿಗೆ ಎಷ್ಟು ಕೊಟ್ಟರೂ ಅಷ್ಟಕ್ಕಷ್ಟೇ" ಎಂದರು. ಇವರಿಗೆ ಒಂದಕ್ಕೆ ಬಗ್ಗಲಿಲ್ಲ, ಎರಡಕ್ಕೆ ಬಗ್ಗಲಿಲ್ಲ. ದಿನಕ್ಕೆ ನಾಲ್ಕಾದ ಮೇಲೆ ಮುಕ್ಕಾಲು ಪಾಲು ಅಡಗಿತು. ಉಳಿದದ್ದನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದರೂ ಬಾಗಿಲು ಬಿತ್ತಲ್ಲ. ಒಂದು ದಿನ ಬಿಸಿ ರೊಟ್ಟಿ, ಖಾರದ ಬದನೆಕಾಯಿ ಪಲ್ಯ ಉಂಡು, ನನ್ನ ಮನೆಯ ತನಕ ಬಂದು ಬಾಗಿಲಲ್ಲೇ ಕೂಗಿ ಹೇಳಿದರು, ಹುಡುಗರ ಹಾಗೆ.

ಡಾಕ್ಟರ ಹತ್ತಿರ ಅವರು ಬೇಡಿದ್ದು ಮಾತ್ರ ಬೇರೆ. "ಇದು ಖರೇ ಬ್ಯಾನಿ ಅಂತ ಬರದು ಸಹಿ ಮಾಡಿ ಕೊಡ್ರಿ." ಯಾವ ಆಫೀಸಿಗೆ ಎಂದು ಕೇಳಿದರೆ, "ಆಫೀಸಿಗಲ್ರಿ, ಒಬ್ಬ ಮನಿಶ್ಯಾಗ ತೋರಸೂದದ" ಎಂದರು. ಆ ಕಾಗದ ಹಿಡಿದುಕೊಂಡು ಹೆಡ್ ಕ್ಲರ್ಕಿನ ಮನೆಗೆ ಹೋದೆವು. ಅವನು ರಿಟೈರ್ ಆಗಿ ಶಹಾಪುರದಲ್ಲೇ ಮನೆ ಕಟ್ಟಿಸಿದ್ದ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ. ಮಡಚಿ ತಿರುಗಿ ಕೊಟ್ಟ.

"ಅಲ್ಲೋ, ಇಲ್ಲಂತ ನಾ ಯಾವಾಗ ಅಂದೀನಿ?" ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಅವನಿಗೆ ನೆನಪಿರಲಿಲ್ಲ. ಹೆಸರಿಟ್ಟದ್ದು, ಪಾದಪೂಜೆ, ಕಾಲು ಕುಣಿಸಿದ್ದು ಯಾವುದೂ ನೆನಪಿರಲಿಲ್ಲ. ಚಹ ತರಿಸ್ತೀನಿ ಕೂಡ್ರಿ ಎಂದ. ಇವರು ಎದ್ದು ಹೊರಗೆ ಬಂದರು. ಕತ್ತಿನ ಮೇಲೆ ಒಂದೆರಡು ಎದ್ದಿದ್ದವು. ಇನ್ನೇನು, ಹೊತ್ತು ಮುಳುಗಿದ ಮೇಲೆ ಹೊರಡುತ್ತಾರೆ ಎಂದು ನಾನು ಕಾದೆ. ಅವತ್ತು ಸಂಜೆ ಅವರು ಜಗಳಕ್ಕೆ ಹೋಗಲಿಲ್ಲ. ಆಮೇಲೆ ಯಾರ ಜೊತೆಗೂ ಹೋದದ್ದು ನನಗೆ ನೆನಪಿಲ್ಲ. ಮನುಷ್ಯ ಅಂದೇ ಅರ್ಧ ಸತ್ತ ಎಂದು ನಾನು ಈಗಲೂ ಅನ್ನುತ್ತೇನೆ.

ಉಳಿದರ್ಧ ಸತ್ತದ್ದು ಮೊನ್ನೆ, ಎದೆನೋವಿನಿಂದ, ಬೆಳಗಾಗುವಷ್ಟರಲ್ಲಿ. ಸುದ್ದಿ ತಂದವನನ್ನು ಬೈದು, ನಾನು ಹೋದಾಗ ಅಂಗಳದಲ್ಲಿ ಮಂದಿ ಕೂಡಿದ್ದರು. ಸುರಪುರದ ಕಡೆಯ ಬಳಗವೂ ಬಂದಿತ್ತು. ಕ್ಯಾಂಪಿನ ಹಳಬರು ನಾಲ್ಕಾರು ಮಂದಿ, ಜೀಪಿನ ಡ್ರೈವರು, ಕೋಲೂರಿಕೊಂಡು ಹೆಡ್ ಕ್ಲರ್ಕೂ ಬಂದಿದ್ದ. ಕೊನೆಯ ಸ್ನಾನಕ್ಕೆ ಹೊರಗೆ ಮೂರು ಕಲ್ಲಿಟ್ಟು ನೀರು ಕಾಯಿಸುತ್ತಿದ್ದರು. ಹೆಣವನ್ನು ಹಲಗೆಯ ಮೇಲೆ ಕೂರಿಸಿ ಅಂಗಿ ತೆಗೆದರು. ಒಂದು ಗೀರಿಲ್ಲದ ಮೈ. "ಏನು ಚೊಕ್ಕ ಮೈ ನೋಡ್ರಿ" ಎಂದು ಬಳಗದ ಒಬ್ಬ ಮುದುಕ ಅಂದ. ಹೊಗೆಯಾಡುವ ನೀರಿನ ಕೊಡ ಎತ್ತಿಕೊಂಡು ಒಬ್ಬ ಮುಂದೆ ಬಂದ.

ಅಲ್ಲಿಯ ತನಕ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದ ವೈನಿ, ಅವರ ಹೆಂಡತಿ, ದಡಬಡಿಸಿ ಎದ್ದು ಬಂದು ಕೊಡಕ್ಕೆ ಅಡ್ಡ ಕೈ ಹಿಡಿದರು.

"ಬಿಸಿನೀರು ಹಾಕಬ್ಯಾಡ್ರಿ. ಮೈ ಏಳತದ ಅವರಿಗಿ."

ಕೊಡ ಹಿಡಿದವನು ಹಾಗೇ ನಿಂತ. ಡ್ರೈವರು ಎದ್ದು ಹೋಗಿ ತೊಟ್ಟಿಯಿಂದ ತಣ್ಣೀರು ತುಂಬಿಕೊಂಡು ಬಂದ. ವೈನಿ ಅದರಲ್ಲಿ ಕೈ ಅದ್ದಿ ನೋಡಿ, ಹಾಕ್ರಿ ಎಂದರು. ಅವತ್ತು ಯಾರೂ ಸರ್ಟಿಫಿಕೇಟು ಕೇಳಲಿಲ್ಲ.